ಕೊನೆಯ ಸಾಲಿನ ರೋಲರ್

ಕಳೆದ ವಾರ ಕಾಮಾಕ್ಷಿಪಾಳ್ಯದಲ್ಲಿ, ಕಬ್ಬಿಣದ ಪೀಸು ಕಡೆಯುವ ನಮ್ಮ ಲೇತ್ ಶೆಡ್ಡಿನಲ್ಲಿ ಎರಡನೇ ನಂಬರ್ ಮಿಷನ್ನಿನ ಸ್ಟಾರ್ಟ್ ಬಟನ್ ಕೈಕೊಟ್ಟಿತು. ಒಮ್ಮೆ ಒಂದೇ ಸಲ ಒತ್ತಿದರೆ ಹಿಡಿಯುತ್ತಿತ್ತು, ಇನ್ನೊಮ್ಮೆ ಮೂರು ಸಲ ಒತ್ತಿದರೂ ಹಿಡಿಯುತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಮುಚ್ಚಳ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಡಬ್ಬಿಯನ್ನು ಅಲ್ಲಾಡಿಸಿ ಪುಸ್ಸೆಂದು ಹೊಡೆದ. ಮೂಗಿನ ತುದಿ ಚುರ್ ಎನ್ನಿಸುವ ಆ ತಣ್ಣನೆಯ ವಾಸನೆ ಬಂದದ್ದೇ, ನಾನು ಕೈಯಲ್ಲಿದ್ದ ಪೀಸನ್ನು ಟ್ರೇಗೆ ಇಟ್ಟು ಸುಮ್ಮನೆ ನಿಂತೆ. ಬೇರೆಯವರಿಗೆ ಅದು ಮಿಷನ್ ರಿಪೇರಿಯ ವಾಸನೆ. ನನಗೆ ಮಾತ್ರ ಅದು ಬೆಣ್ಣೆ ಬನ್ನು, ಒದ್ದೆ ಗೋಣಿಚೀಲ ಮತ್ತು ರೋಲರ್.

ನಿಂತಲ್ಲಿಂದಲೇ ಎದುರು ಗೋಡೆಗೆ ಹೊಸದಾಗಿ ಅಂಟಿಸಿದ ಚಾರ್ಟು ಕಾಣುತ್ತಿತ್ತು. ಶೆಡ್ಡಿನಲ್ಲಿ ಕೆಲಸ ಮಾಡುವ ಹನ್ನೊಂದು ಜನರ ಹೆಸರು, ಪ್ರತಿ ಹೆಸರಿನ ಮುಂದೆ ಒಂದು ವೃತ್ತ. ಕೆಲಸ ಪೂರ್ತಿ ಬರುತ್ತದೆ ಎಂದರೆ ವೃತ್ತ ಪೂರ್ತಿ ಕಪ್ಪು, ಅರ್ಧ ಬರುತ್ತದೆ ಎಂದರೆ ಅರ್ಧ. ನನ್ನ ಹೆಸರು ಕೊನೆಯಲ್ಲಿ, ನನ್ನ ವೃತ್ತ ಕಾಲು ಭಾಗ. ಆ ಚಾರ್ಟಿನ ಕಥೆಗೆ ಆಮೇಲೆ ಬರುತ್ತೇನೆ. ಅದನ್ನು ನೋಡಿ ನನಗೆ ನಗು ಬಂತು ಎನ್ನುವುದನ್ನಷ್ಟೇ ಈಗ ಹೇಳಿರುತ್ತೇನೆ. ಕೊನೆಯ ಸಾಲಿನಲ್ಲಿ ಇರುವುದು ನನಗೆ ಹೊಸದಲ್ಲ. ಒಂದು ಇಡೀ ಮಳೆಗಾಲ ನಾನು ಅಲ್ಲಿ ಬಾಳಿ ಬಂದಿದ್ದೇನೆ, ಅದೂ ಬೇಕೆಂದೇ.

ನಾಲ್ಕು ವರ್ಷದ ಹಿಂದಿನ ಮಾತು. ಆರ್‌ಪಿಸಿ ಲೇಔಟಿನ ಅಂಚಿನಲ್ಲಿ ಒಂದು ಬೇಕರಿ, ಅದರ ನೆಲಮಾಳಿಗೆಯಲ್ಲಿ ಮೂರ್ತಣ್ಣನ ಗೇಮ್ ಸೆಂಟರು. ಮೂರ್ತಣ್ಣ ಐವತ್ತು ದಾಟಿದವರು, ಹಣೆಗೆ ವಿಭೂತಿ, ಕಿವಿಗೆ ಪೆನ್ನು, ಯಾರು ಬಂದರೂ ‘ಚಪ್ಪಲಿ ಆಚೆ ಕಣಪ್ಪಾ’ ಎನ್ನುವುದೇ ನಮಸ್ಕಾರ. ಒಳಗೆ ಮೂರು ಟಿವಿ, ಟೇಬಲ್ ಮೇಲಿಟ್ಟು ಆಡುವ, ಹಿಡಿಕೆ ಬಟನ್ನುಗಳ ಪೆಟ್ಟಿಗೆಯಂಥ ಆರು ಜಾಯ್‌ಸ್ಟಿಕ್ಕು. ಆಡುತ್ತಿದ್ದದ್ದು ಒಂದೇ ಆಟ. ಇಬ್ಬರು ಎದುರುಬದುರು ನಿಂತು ಹೊಡೆದಾಡುವುದು, ಯಾರ ಪ್ರಾಣದ ಪಟ್ಟಿ ಮೊದಲು ಖಾಲಿಯಾಯಿತೋ ಅವನು ಸೋತ. ಅಂಗಡಿಯ ಪದ್ಧತಿ ಒಂದೇ: ಗೆದ್ದವನು ಕೂತಿರಬೇಕು, ಸೋತವನು ಏಳಬೇಕು.

ಆಟದಲ್ಲಿ ಇಪ್ಪತ್ತು ಚಿಲ್ಲರೆ ಫೈಟರುಗಳಿದ್ದರು. ಅವರ ಹೊರದೇಶದ ಹೆಸರು ನಮ್ಮ ನಾಲಿಗೆಗೆ ಹೊರಳದೆ ನಾವೇ ಹೆಸರಿಟ್ಟಿದ್ದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಈ ತುದಿಯಿಂದ ಆ ತುದಿಗೆ ಹಾರುವವನು ಮಿಂಚು. ದೂರದಿಂದಲೇ ಬಾರಿಸುವ ಹೆಂಗಸು ಚಾಟಿ. ದಪ್ಪ ಕತ್ತು, ಬಾಗಿದ ಭುಜ, ನಡೆದರೆ ನೆಲ ಅಳೆದಂತೆ ನಡೆಯುವ ಮುದಿ ಪೈಲ್ವಾನನೊಬ್ಬನಿದ್ದ. ಅವನಿಗೆ ರೋಡ್ ರೋಲರ್ ಎಂದು ಹೆಸರಿಟ್ಟು, ಕೊನೆಗೆ ಬರೀ ರೋಲರ್ ಆಯಿತು. ನಾನು ಅವನನ್ನು ಆರಿಸಿಕೊಂಡದ್ದು ಬಲ ನೋಡಿ ಅಲ್ಲ. ನನಗೆ ಲೇತ್ ಕಲಿಸಿದ ಉಸ್ತಾದ್ ಬಾಷಾ ಸಾಬರು ಹಾಗೇ ನಡೆಯುತ್ತಿದ್ದರು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ನಾನು ಅವರ ಮಿಷನ್ ಪಕ್ಕ ನಿಂತೆ. ಆ ಬಗ್ಗೆ ನನಗೆ ನಾಚಿಕೆ ಇಲ್ಲ, ಯಾರ ಹತ್ತಿರವೂ ಮುಚ್ಚಿಟ್ಟಿಲ್ಲ. ನಾನು ಓದಿದ ಒಂದೇ ಪಾಠ ಉಸ್ತಾದರದ್ದು: ‘ಡ್ರಾಯಿಂಗ್ ಏನ್ ಹೇಳ್ತದೆ ಅಂತ ನಂಗೆ ಹೇಳ್ಬೇಡ ಬೇಟಾ. ಪೀಸ್ ಅಳೆದು ಹೇಳು.’

ಸಂಜೆ ಆರಕ್ಕೆ ಶಿಫ್ಟ್ ಮುಗಿಸಿ ಒಂದು ಗಂಟೆ ನಾನು ಅಲ್ಲಿ ಕೂರುತ್ತಿದ್ದೆ. ಶನಿವಾರ ಮಾತ್ರ ಬೇಗ ಹೋಗಿ ಜಾಯ್‌ಸ್ಟಿಕ್ಕುಗಳನ್ನು ಬಿಚ್ಚುತ್ತಿದ್ದೆ. ಮಳೆಯ ಥಂಡಿಗೆ ಬಟನ್ನುಗಳು ಹಿಡಿದುಕೊಳ್ಳುತ್ತಿದ್ದವು. ಸ್ಪ್ರಿಂಗ್ ತೆಗೆದು, ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಕೂರಿಸಿದರೆ ಒಂದು ವಾರಕ್ಕೆ ಮೋಸವಿಲ್ಲ. ಯಾರೂ ಮಾಡು ಎಂದಿರಲಿಲ್ಲ. ಕೆಟ್ಟ ಬಟನ್ನಿನ ಮೇಲೆ ಕೈಯಿಡುವುದು ನನ್ನಿಂದಾಗುವುದಿಲ್ಲ, ಅಷ್ಟೆ. ಮೇಲಿನಿಂದ ಬನ್ನಿನ ವಾಸನೆ, ಮೆಟ್ಟಿಲಿಗೆ ಹಾಕಿದ ಗೋಣಿಚೀಲದ ವಾಸನೆ, ನಡುವೆ ನನ್ನ ಸ್ಪ್ರೇ.

ಜೂನ್ ಮುಗಿಯುವ ಹೊತ್ತಿಗೆ ಪ್ರತೀಕ್ ಆ ಲಿಸ್ಟು ತಂದ. ಪ್ರತೀಕ್ ವಿಜಯನಗರದ ಹುಡುಗ, ಇಂಜಿನಿಯರಿಂಗ್ ಮೂರನೇ ವರ್ಷ, ಮಿಂಚನ್ನು ಆಡುವುದರಲ್ಲಿ ಅಂಗಡಿಗೇ ಮೊದಲಿಗ. ದೊಡ್ಡ ಬಿಳಿ ಹಾಳೆಯಲ್ಲಿ ಐದು ಸಾಲು ಎಳೆದು, ಯಾವ ಫೈಟರು ಎಷ್ಟು ಗಟ್ಟಿ ಎಂದು ಇಂಟರ್‌ನೆಟ್ ನೋಡಿ ಬರೆದಿದ್ದ. ಎಲ್ಲಕ್ಕಿಂತ ಮೇಲೆ ಎಸ್. ಅದರ ಕೆಳಗೆ ಎ, ಬಿ, ಸಿ. ಕೊನೆಗೆ ಡಿ. ಎಸ್ ಸಾಲಿನಲ್ಲಿ ಮಿಂಚು ಮತ್ತು ಚಾಟಿ. ಡಿ ಸಾಲಿನಲ್ಲಿ ಒಬ್ಬನೇ ಒಬ್ಬ. ಹೇಳಬೇಕಾಗಿಲ್ಲ.

‘ಏನಪ್ಪಾ ಇದು, ರೇಷನ್ ಕಾರ್ಡಾ?’ ಎಂದೆ.

‘ಅಣ್ಣಾ, ಇದು ನನ್ನ ಒಪಿನಿಯನ್ ಅಲ್ಲ. ವರ್ಲ್ಡ್ ಟಾಪ್ ಪ್ಲೇಯರ್ಸ್ ಎಲ್ಲಾ ಸೇರಿ ಮಾಡಿರೋದು.’

‘ಅವರು ನನ್ನ ಕೈಯಲ್ಲಿ ರೋಲರ್‌ನ ನೋಡಿದಾರಾ?’

‘ನೋಡೋ ಅಗತ್ಯ ಇಲ್ಲಣ್ಣ. ಅವನು ಸ್ಲೋ. ಮ್ಯಾಥ್ಸ್ ಅದು.’

ಪಕ್ಕದಲ್ಲಿ ಒದ್ದೆ ರೇನ್‌ಕೋಟಿನಲ್ಲೇ ಕೂತಿದ್ದ ಬಸು ಗಹಗಹಿಸಿ ನಕ್ಕ. ಬಸು ಬಾಗಲಕೋಟೆ ಕಡೆಯವನು, ಊಟ ಡೆಲಿವರಿ ಮಾಡುವವನು. ಆರ್ಡರ್ ಬರುವವರೆಗೆ ಚಾಟಿ ಹಿಡಿದು ಬಾರಿಸುತ್ತಿದ್ದ. ‘ಲೋಕಣ್ಣಾರ, ಲೆಕ್ಕದಾಗ ಫೇಲ್ ಆದ್ರಿ ನೀವು, ಹೋಗ್ರಿ.’

ಆವತ್ತಿನಿಂದ ಅಂಗಡಿಯ ಗಾಳಿಯೇ ಬದಲಾಯಿತು. ಬಿ, ಸಿ ಸಾಲಿನ ಫೈಟರುಗಳನ್ನು ವರ್ಷಗಟ್ಟಲೆ ಆಡಿದ್ದವರು ಒಂದೇ ವಾರದಲ್ಲಿ ಬಿಟ್ಟರು. ಎಲ್ಲರ ಕೈಯಲ್ಲೂ ಮಿಂಚು ಇಲ್ಲವೆ ಚಾಟಿ. ನಾನು ಗೆದ್ದರೆ ‘ಲಕ್ ಕಣಣ್ಣ’ ಎನ್ನುವರು. ಸೋತರೆ ಗೋಡೆಯ ಕಡೆ ಕೈ ತೋರಿಸುವರು. ಗೆದ್ದದ್ದನ್ನು ಲಕ್ಕಿಗೆ, ಸೋತದ್ದನ್ನು ಲಿಸ್ಟಿಗೆ ಬರೆದರೆ ನನ್ನ ಪಾಲಿಗೆ ಉಳಿಯುವುದೇನು? ಇದನ್ನು ಕೇಳಿದರೆ ‘ಸೀರಿಯಸ್ ಆಗ್ಬೇಡಿ ಅಣ್ಣಾ’ ಎನ್ನುವರು. ಸೀರಿಯಸ್ ಆಗದೆ ಏನು ಮಾಡಲಿ? ಹತ್ತು ಗಂಟೆ ದುಡಿದು ಬಂದವನಿಗೆ ಆ ಒಂದು ಗಂಟೆ ತಮಾಷೆಯದಲ್ಲ.

ಜುಲೈ ನಡುವೆ ಮೂರ್ತಣ್ಣ ಸುದ್ದಿ ತಂದರು. ರಾಜರಾಜೇಶ್ವರಿನಗರದ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಆಗಸ್ಟ್ ಕೊನೆಗೆ ಪಂದ್ಯ. ಮೂವರ ತಂಡ. ಪ್ರತೀಕ್, ಬಸು ಇಬ್ಬರು ಗ್ಯಾರಂಟಿ. ಮೂರನೆಯವನಾಗಿ ನಾನು, ಆದರೆ ಒಂದು ಷರತ್ತು.

‘ಲೋಕಿ, ಹಠ ಬಿಡಪ್ಪ. ಮಿಂಚು ಕಲ್ತ್ಕೋ. ತಿಂಗಳ ಮೇಲೆ ಟೈಮಿದೆ. ಡಿ ಇಟ್ಕೊಂಡು ಅಲ್ಲಿಗೆ ಹೋದ್ರೆ ನಮ್ಮ ಅಂಗಡಿ ಮರ್ಯಾದೆ ಏನಾಗ್ಬೇಕು?’

‘ಮೂರ್ತಣ್ಣಾ, ನಾನು ಬೇಕಾ, ಮಿಂಚು ಬೇಕಾ?’

‘ಗೆಲ್ಲೋನು ಬೇಕು.’

‘ಹಂಗಾದ್ರೆ ರೋಲರ್‌ನ ಇಟ್ಕೊಂಡೇ ಬರ್ತೀನಿ. ಇಲ್ಲಾಂದ್ರೆ ಬರಲ್ಲ.’

ಅವರು ವಿಭೂತಿ ಉಜ್ಜಿಕೊಂಡು, ‘ನೋಡಣ’ ಎಂದರು. ನನಗೆ ಆ ಮೂರನೇ ಕುರ್ಚಿ ಬೇಕಿತ್ತು. ಎಷ್ಟು ಬೇಕಿತ್ತು ಎಂದು ಈಗ ಹೇಳಲು ಸಂಕೋಚವಿಲ್ಲ. ಸ್ಕೂಲು ಬಿಟ್ಟ ಮೇಲೆ ನನ್ನನ್ನು ಯಾರೂ ಯಾವ ತಂಡಕ್ಕೂ ಕರೆದಿರಲಿಲ್ಲ. ಆದರೆ ಇನ್ನೊಬ್ಬರು ಬರೆದ ಹಾಳೆಗೆ ಹೆದರಿ ಕೈಗೆ ಒಗ್ಗಿದವನನ್ನು ಬಿಟ್ಟು ಹೋಗುವುದಾದರೆ, ಆ ಕುರ್ಚಿಯಲ್ಲಿ ಕೂರುವವನು ನಾನಾಗಿರುವುದಿಲ್ಲ.

ಆ ವಾರವೆಲ್ಲ ಜಿಟಿಜಿಟಿ ಮಳೆ. ಒಂದು ಸಂಜೆ ಪ್ರತೀಕ್ ಫೋನಿನಲ್ಲಿ ಲೆಕ್ಕ ತೋರಿಸಿದ. ಪರದೆಯ ಚಿತ್ರ ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತದಂತೆ. ಅದರಲ್ಲಿ ಒಂದೊಂದನ್ನು ಫ್ರೇಮ್ ಎನ್ನುತ್ತಾರೆ. ಬಟನ್ ಒತ್ತಿದ ಮೇಲೆ ರೋಲರ್‌ನ ದೊಡ್ಡ ಹಿಡಿತ ಎದುರಾಳಿಗೆ ಬೀಳಲು ಇಪ್ಪತ್ತನಾಲ್ಕು ಫ್ರೇಮು ಬೇಕು. ‘ಅಷ್ಟೊತ್ತಿಗೆ ಮಿಂಚು ಕಾಫಿ ಕುಡ್ದು ಬರ್ತಾನಣ್ಣ.’

ನಾನು ಕೇಳುತ್ತಾ ಕೇಳುತ್ತಾ ಹಿಡಿತ ಹಾಕಿ ನೋಡಿದೆ. ಇನ್ನೊಂದು ಸಲ ಹಾಕಿದೆ. ಏನೋ ತಾಳೆಯಾಗಲಿಲ್ಲ. ಪೀಸು ಅರ್ಧ ಕೂದಲೆಳೆ ಹೆಚ್ಚಿದ್ದರೆ ಬೆರಳಿಗೆ ತಿಳಿಯುತ್ತದೆ, ಹಾಗೆ.

‘ಇಷ್ಟು ನಿಧಾನ ಇಲ್ಲ ಕಣೋ ಇವನು.’

‘ಅಣ್ಣಾ, ಅಫಿಷಿಯಲ್ ನಂಬರ್ ಅದು.’

‘ನಂಬರ್ ಬಿಡು. ಅಳೆಯೋಣ.’

ಬಸುವಿನ ಫೋನಿನಲ್ಲಿ ನಿಧಾನಗತಿಯ ವಿಡಿಯೋ ತೆಗೆಯಬಹುದಿತ್ತು. ನನ್ನ ಬೆರಳು, ಟಿವಿ ಎರಡೂ ಕಾಣುವಂತೆ ಅವನು ಹಿಡಿದ, ನಾನು ಒತ್ತಿದೆ. ಆಮೇಲೆ ಮೂವರೂ ತಲೆ ಕೂಡಿಸಿ ಒಂದೊಂದೇ ಚಿತ್ರ ಸರಿಸಿ ಎಣಿಸಿದೆವು. ಹದಿನಾರು. ಮೂರು ಸಲ ಅಳೆಯುವುದು ನಮ್ಮ ಕೆಲಸದ ರೂಢಿ. ಮೂರು ಸಲವೂ ಹದಿನಾರು.

ಪ್ರತೀಕ್ ಎದ್ದು ಟಿವಿಯ ಹತ್ತಿರ ಹೋಗಿ, ಆಟದ ಮೊದಲ ಪುಟದ ಮೂಲೆಯಲ್ಲಿದ್ದ ಸಣ್ಣ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿದ. ಹಾಗೇ ತಲೆ ಮೇಲೆ ಕೈಯಿಟ್ಟುಕೊಂಡ. ‘ಮೂರ್ತಣ್ಣಾ, ಇದನ್ನ ಒಂದ್ ಸಲಾನೂ ಅಪ್‌ಡೇಟ್ ಮಾಡೇ ಇಲ್ವಾ?’

‘ಡಿಸ್ಕ್ ಹಾಕ್ದೆ, ಆಡ್ತು. ಕೆಡದೇ ಇರೋದನ್ನ ಯಾಕಪ್ಪಾ ಮುಟ್ಟಲಿ?’

ವಿಷಯ ಇಷ್ಟೆ. ಆಟ ಮಾಡಿದವರು ಆರು ತಿಂಗಳಿಗೊಮ್ಮೆ ಅದನ್ನು ತಿದ್ದುತ್ತಾರೆ. ಒಬ್ಬನ ಬಲ ಇಳಿಸುತ್ತಾರೆ, ಇನ್ನೊಬ್ಬನದು ಏರಿಸುತ್ತಾರೆ. ಆ ತಿದ್ದುಪಡಿ ಇಂಟರ್‌ನೆಟ್ಟಿನಲ್ಲಿ ಬರುತ್ತದೆ, ಮೂರ್ತಣ್ಣನ ನೆಲಮಾಳಿಗೆಗೆ ಇಂಟರ್‌ನೆಟ್ಟೇ ಇಳಿದಿರಲಿಲ್ಲ. ಗೋಡೆಯ ಮೇಲಿದ್ದ ಲಿಸ್ಟು ತಿದ್ದಿದ ಆಟದ್ದು, ನಾವು ಆಡುತ್ತಿದ್ದದ್ದು ತಿದ್ದದ ಹಳೆಯ ಆಟ. ಮೂರು ವಾರದಿಂದ ಇಡೀ ಅಂಗಡಿ, ತನ್ನದಲ್ಲದ ಹಾಳೆಗೆ ಕೈಮುಗಿದು ತನ್ನ ತನ್ನ ಫೈಟರನ್ನು ಬಿಟ್ಟಿತ್ತು.

ಬಸು ನಗಲಾರದೆ ನಕ್ಕ. ‘ಯಾರದೋ ಲಗ್ನಪತ್ರಿಕಿ ಓದಿ ಇನ್ಯಾರದೋ ಮನೀಗೆ ಉಣ್ಣಾಕ ಹೋದಂಗಾತಲ್ಲೋ ಮಾರಾಯಾ!’

ಆ ಸಂಜೆ ನಾನು ಎದೆ ಸೆಟೆಸಿಕೊಂಡು ಮನೆಗೆ ನಡೆದೆ. ಕೊಡೆ ಬಿಚ್ಚಲಿಲ್ಲ. ಆದರೆ ಆ ಜಂಬ ಒಂದೇ ದಿನದ್ದು. ಪಂದ್ಯದಲ್ಲಿ ತಿದ್ದಿದ ಆಟವೇ ಇರುತ್ತದೆ ಎಂದು ಪ್ರತೀಕ್ ಫೋನ್ ಮಾಡಿ ವಿಚಾರಿಸಿದ್ದ. ಮಾರನೆಯ ದಿನ ಅವನ ಫೋನಿನ ನೆಟ್ಟನ್ನೇ ಕೊಟ್ಟು, ಫೋನನ್ನು ಮೆಟ್ಟಿಲ ತುದಿಯಲ್ಲಿ ಬನ್ನಿನ ಟ್ರೇ ಮೇಲಿಟ್ಟು, ಮೂರು ಮಿಷನ್ನನ್ನೂ ಅಪ್‌ಡೇಟ್ ಮಾಡಿದರು. ನಾನು ಶಿಫ್ಟ್ ಮುಗಿಸಿ ಬಂದು ಕೂತು ಹಿಡಿತ ಹಾಕಿದೆ. ರೋಲರ್ ಕೈಯೆತ್ತಿದ, ಯೋಚನೆ ಮಾಡಿದ, ಆಮೇಲೆ ಹಿಡಿದ. ಮಿಂಚು ಅಷ್ಟರಲ್ಲಿ ಬೆನ್ನ ಹಿಂದಿದ್ದ. ಅಳೆದು ನೋಡಿದೆವು. ಇಪ್ಪತ್ತನಾಲ್ಕು. ಮೂರು ಸಲವೂ ಇಪ್ಪತ್ತನಾಲ್ಕು. ನಿನ್ನೆ ಸಂಜೆಯಿಂದ ಇವತ್ತು ಸಂಜೆಯೊಳಗೆ ನನ್ನವನು ಮುದುಕನಾಗಿ ಹೋಗಿದ್ದ.

‘ಈಗಾದ್ರೂ ಬಿಡ್ತೀಯಾ?’ ಮೂರ್ತಣ್ಣ ಮೆಲ್ಲಗೆ ಕೇಳಿದರು. ತಮಾಷೆ ಇರಲಿಲ್ಲ ಅವರ ದನಿಯಲ್ಲಿ.

‘ಈಗ್ಲೇ ಬಿಡೋದಾ? ಸರಿಯಾಗಿದ್ದಾಗ ಇಟ್ಕೊಂಡು, ನಿಧಾನ ಆದ ತಕ್ಷಣ ಬಿಟ್ರೆ ನಾನೆಂಥಾ ಗಂಡಸು ಮೂರ್ತಣ್ಣಾ?’

ಅವರು ಕಿವಿಯ ಪೆನ್ನು ತೆಗೆದು ಕ್ಯಾಲೆಂಡರಿನಲ್ಲಿ ಒಂದು ಭಾನುವಾರಕ್ಕೆ ಗುಂಡು ಸುತ್ತಿದರು. ‘ಆವತ್ತು ಬೆಳಿಗ್ಗೆ ನೀನು, ಪ್ರತೀಕ್. ಮೊದಲು ಐದು ಆಟ ಯಾರು ಗೆಲ್ತಾರೋ ಅವರು. ಗೆದ್ರೆ ರೋಲರ್ ಜೊತೆ ಬಾ. ಸೋತ್ರೆ ಬಾಯಿ ಮುಚ್ಕೊಂಡು ಮಿಂಚು ಹಿಡಿ.’

ನನ್ನ ಕೈಗೆ ಸಿಕ್ಕಿದ್ದು ಎರಡೂವರೆ ವಾರ. ಉಸ್ತಾದರ ಮಿಷನ್ನಿನಲ್ಲಿ ಸ್ಕ್ರೂ ಸವೆದಿತ್ತು. ಹಿಡಿಕೆ ತಿರುಗಿಸಿದರೆ ಮೊದಲ ಕಾಲು ಸುತ್ತು ಬರೀ ಸಡಿಲ, ಕಬ್ಬಿಣ ಕೆತ್ತುವ ಟೂಲು ಮುಂದೆ ಹೋಗುತ್ತಲೇ ಇರಲಿಲ್ಲ. ಹೊಸಬರು ಅದನ್ನು ಗುಜರಿ ಎನ್ನುತ್ತಿದ್ದರು. ಉಸ್ತಾದರು ಮಾತ್ರ ಆ ಸಡಿಲವನ್ನು ಮೊದಲೇ ತಿಂದುಕೊಂಡು, ಹಿಡಿಕೆಯನ್ನು ಯಾವಾಗಲೂ ಒಂದೇ ಕಡೆಗೆ ತಿರುಗಿಸುತ್ತಾ ಬಂದು, ಹೊಸ ಮಿಷನ್ನಿನಷ್ಟೇ ಸಲೀಸಾಗಿ ಅಳತೆ ಹಿಡಿಯುತ್ತಿದ್ದರು. ಮಿಷನ್ ತಡ ಮಾಡುತ್ತದೆ ಎಂದು ಗೊತ್ತಿದ್ದರೆ ನಾವು ಮೊದಲೇ ಹೊರಡಬೇಕು. ರೋಲರ್‌ಗೂ ಅದೇ. ಎದುರಾಳಿ ಹಾರಿದ ಮೇಲೆ ಕೈಯೆತ್ತಿದರೆ ಕೆಟ್ಟ. ಅವನು ಹಾರುವ ಮೊದಲೇ ಎತ್ತಿರಬೇಕು. ಹಾರುತ್ತಾನೆ ಎಂದು ಮೊದಲೇ ತಿಳಿಯುವುದು ಹೇಗೆ?

ಅದಕ್ಕೆ ಉತ್ತರ ಶನಿವಾರ ಬಟನ್ ಬಿಚ್ಚುವಾಗ ಸಿಕ್ಕಿತು. ಲೇತಿನ ಮುಂದೆ ನಿಂತವನು ಕಣ್ಣಿಗಿಂತ ಕಿವಿಯಿಂದ ಕೆಲಸ ಮಾಡುತ್ತಾನೆ. ಟೂಲು ಮೊಂಡಾಗುವ ಮೊದಲು ಸದ್ದು ಬದಲಾಗುತ್ತದೆ. ಆ ಆರು ಜಾಯ್‌ಸ್ಟಿಕ್ಕಿನ ಒಂದೊಂದು ಬಟನ್ನೂ ನಾನು ಕೂರಿಸಿದ್ದು. ಯಾವುದು ಟಿಕ್, ಯಾವುದು ಟಕ್ ಎಂದು ನನಗೆ ಬಿಟ್ಟು ಯಾರಿಗೆ ಗೊತ್ತು?

ಆ ಭಾನುವಾರ ಮಳೆ ಬಿಟ್ಟಿತ್ತು. ಬೇಕರಿಗೆ ಬಂದವರೂ ಬನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತರು. ಮೊದಲ ಮೂರು ಆಟ ಪ್ರತೀಕನ ಪಾಲಾಯಿತು. ನಾನು ಹೊಡೆದಾಡುತ್ತಿರಲಿಲ್ಲ, ಕಿವಿ ಕೊಟ್ಟಿದ್ದೆ. ಮಿಂಚನ್ನು ಹಾರಿಸುವ ಮೊದಲು ಅವನ ಹೆಬ್ಬೆರಳ ಪಕ್ಕದ ಬೆರಳು ಕಾರಣವೇ ಇಲ್ಲದೆ ಎರಡು ಸಲ ಸಣ್ಣಗೆ ತಟ್ಟುತ್ತಿತ್ತು. ಟಿಕ್ ಟಿಕ್. ಆಮೇಲೆ ಹಾರುತ್ತಿತ್ತು. ನಾಲ್ಕನೇ ಆಟದಲ್ಲಿ ಆ ಟಿಕ್ ಟಿಕ್ ಕೇಳಿದ್ದೇ ತಡ ರೋಲರ್‌ನ ಕೈ ಎತ್ತಿದೆ. ಮಿಂಚು ತಾನಾಗಿ ಹಾರಿಬಂದು ತೆಕ್ಕೆಗೆ ಬಿದ್ದ. ಇನ್ನೊಂದು ಸಲ. ಮತ್ತೊಂದು ಸಲ. ಮೂರು-ಮೂರು ಆದಾಗ ಮೆಟ್ಟಿಲ ಮೇಲೆ ಬನ್ನು ಅಗಿಯುವುದು ನಿಂತಿತು.

‘ಅಣ್ಣಾ, ನೀವು ಸ್ಕ್ರೀನ್ ನೋಡ್ತಾನೇ ಇಲ್ವಲ್ಲ!’ ಪ್ರತೀಕ್ ಬೆವರುತ್ತಿದ್ದ.

‘ನೀನು ನೋಡ್ತಾ ಇದ್ಯಲ್ಲ, ಸಾಕು ಆಡು.’

ಐದು-ನಾಲ್ಕಕ್ಕೆ ಮುಗಿಯಿತು. ಪ್ರತೀಕ್ ಎದ್ದ, ನಾನು ಕೂತಿದ್ದೆ. ಅದೇ ಅಂಗಡಿಯ ಪದ್ಧತಿ. ಮೂರ್ತಣ್ಣ ನನ್ನ ಬೆನ್ನಿಗೆ ಗುದ್ದಿ, ‘ಬಾರಯ್ಯಾ. ಅಲ್ಲಿ ಮೊದಲು ನಿನ್ನೇ ಕೂರಿಸ್ತೀನಿ. ಹೋದ್ರೆ ಬೇಗ ಹೋಗ್ತೀಯ, ಆಮೇಲೆ ಇವರಿಬ್ರು ನೋಡ್ಕೋತಾರೆ’ ಎಂದರು. ಅದು ಹೊಗಳಿಕೆ ಅಲ್ಲ ಎಂದು ಗೊತ್ತಿತ್ತು. ಕುರ್ಚಿ ನನ್ನದಾಗಿತ್ತು, ಅಷ್ಟು ಸಾಕಿತ್ತು.

ಕ್ಲಬ್‌ಹೌಸಿನಲ್ಲಿ ನೆಲ ಕನ್ನಡಿಯಂತಿತ್ತು. ಚಪ್ಪಲಿ ಆಚೆ ಬಿಡಲೋ ಬೇಡವೋ ಎಂದು ಮೂರ್ತಣ್ಣ ಬಾಗಿಲಲ್ಲೇ ನಿಂತರು. ಮೊದಲ ಸುತ್ತಿನಲ್ಲಿ ಬನಶಂಕರಿ ಕಡೆಯ ಮೂವರ ತಂಡ ನಮಗೆ ಎದುರು. ಇಲ್ಲೂ ಮೊದಲು ಮೂರು ಆಟ ಗೆದ್ದವನು ಕೂತಿರುತ್ತಾನೆ, ಸೋತ ತಂಡದಿಂದ ಮುಂದಿನವನು ಬರುತ್ತಾನೆ. ನಾನು ಕೂತು ರೋಲರ್‌ನನ್ನು ಆರಿಸಿದ್ದೇ ಮೈಕು ಹಿಡಿದವನು, ‘ಓಹೋ, ಇವನನ್ನ ಆಡೋರು ಇನ್ನೂ ಬದುಕಿದಾರಾ ಗುರು!’ ಎಂದ. ಹಾಲೆಲ್ಲ ನಕ್ಕಿತು. ನಾನು ನಗಲಿಲ್ಲ.

ನಗುವ ಹಾಗೂ ಇರಲಿಲ್ಲ. ಮೈಕು, ಮ್ಯೂಸಿಕ್ಕು, ಕೇಕೆ, ಆ ಗದ್ದಲದಲ್ಲಿ ಎದುರಿನವನ ಬಟನ್ ಎಲ್ಲಿ ಕೇಳಬೇಕು? ನನ್ನ ಕಿವಿ ಅಲ್ಲಿ ಸತ್ತಿತ್ತು. ಮೊದಲ ಆಟ ಸೋತೆ. ಎರಡನೆಯದು ಶುರುವಾಗುವಾಗ ಎಡಗೈಯ ಅಂಗೈ ಬುಡ ಟೇಬಲ್ಲಿಗೆ ತಗುಲಿತು. ಮಡಚುವ ಉದ್ದನೆಯ ಟೇಬಲ್ಲು, ನಮ್ಮಿಬ್ಬರ ಜಾಯ್‌ಸ್ಟಿಕ್ಕೂ ಅದರ ಮೇಲೆ. ಅವನು ಒತ್ತಿದ್ದು ನನ್ನ ಕೈಗೆ ತಿಳಿಯಿತು. ಬೇರಿಂಗ್ ಹೋಗಿದೆಯೋ ಇಲ್ಲವೋ ನೋಡಲು ಮಿಷನ್ ಮೇಲೆ ಅಂಗೈ ಇಡುತ್ತೇವಲ್ಲ, ಅದೇ ನಡುಕ. ಕೈಯನ್ನು ಅಲ್ಲೇ ಒತ್ತಿಟ್ಟುಕೊಂಡು ಆಡಿದೆ. ಅವನು ಎದ್ದು ಹೋದ. ಎರಡನೆಯವನು ಬಂದ, ಅವನೂ ಎದ್ದು ಹೋದ. ಮೈಕಿನವನು ಈಗ ತಮಾಷೆ ಬಿಟ್ಟು ರೋಲರ್‌ನ ನಿಜವಾದ ಹೆಸರು ಹೇಳತೊಡಗಿದ್ದ. ಹಿಂದಿನಿಂದ ಬಸು ಕೂಗುತ್ತಿದ್ದ: ‘ಹೊಡೀರಿ ಲೋಕಣ್ಣಾರ, ಡಾಂಬರ್ ಹಾಕ್ರಿ!’

ಮೂರನೆಯವಳು ಇಪ್ಪತ್ತರ ಹುಡುಗಿ. ಕನ್ನಡಕ, ಎರಡು ಜಡೆ. ‘ನಮಸ್ತೆ ಅಂಕಲ್’ ಎಂದಳು. ನನಗಾಗ ಮೂವತ್ತಮೂರು. ಅದನ್ನೂ ನುಂಗಿಕೊಂಡೆ. ಆದರೆ ಅವಳು ಬ್ಯಾಗಿನಿಂದ ತೆಗೆದದ್ದು ಜಾಯ್‌ಸ್ಟಿಕ್ಕಲ್ಲ, ಮಕ್ಕಳು ಮನೆಯಲ್ಲಿ ಹಿಡಿಯುವ ಸಣ್ಣ ರಿಮೋಟು. ಅದನ್ನು ತೊಡೆಯ ಮೇಲಿಟ್ಟು ಕಾಲು ಮಡಚಿ ಕೂತಳು. ಟೇಬಲ್ಲು ಹೆಣದ ಹಾಗೆ ತಣ್ಣಗಿತ್ತು. ಸದ್ದಿಲ್ಲ, ನಡುಕವಿಲ್ಲ. ನನಗೆ ಉಳಿದದ್ದು ಕಣ್ಣು ಮಾತ್ರ, ಕಣ್ಣಿಗೆ ಇಪ್ಪತ್ತನಾಲ್ಕು ಫ್ರೇಮು ತಡ.

ಆದರೂ ಎರಡು ಆಟ ಕಿತ್ತುಕೊಂಡೆ. ಎರಡು-ಎರಡರಲ್ಲಿ ಕೊನೆಯದಕ್ಕೆ ಬಂತು. ಇಬ್ಬರ ಪ್ರಾಣವೂ ಒಂದೊಂದು ಏಟಿನಷ್ಟೇ ಉಳಿದಿತ್ತು. ಅವಳು ಹಾರುತ್ತಾಳೆ ಎಂದುಕೊಂಡು ಕೈಯೆತ್ತಿದೆ. ಅವಳು ಹಾರಲಿಲ್ಲ. ನಿಂತು ನೋಡಿ, ಸಮಾಧಾನವಾಗಿ ಒಂದು ಒದೆ ಕೊಟ್ಟಳು.

ಎದ್ದೆ. ಅವಳೂ ಅರ್ಧ ಎದ್ದು, ‘ಅಂಕಲ್, ಇವನ ಎದುರು ಏನ್ ಮಾಡ್ಬೇಕು ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಯಾರೂ ಆಡಲ್ವಲ್ಲ! ಜೀವ ಬಾಯಿಗ್ ಬಂದಿತ್ತು’ ಎಂದಳು. ಆಮೇಲೆ ಬಸುವನ್ನು ಮೂರು-ಸೊನ್ನೆಗೂ ಪ್ರತೀಕನನ್ನು ಮೂರು-ಒಂದಕ್ಕೂ ಎಬ್ಬಿಸಿ ಕಳಿಸಿದಳು. ಅವರಿಬ್ಬರ ಕೈಯಲ್ಲೂ ಎಸ್ ಸಾಲಿನವರೇ ಇದ್ದರು. ‘ನಾ ಕುಂತ ಕೂಡ್ಲೆ ಆ ಹುಡುಗಿ ಆಕಳಿಸಿದ್ಲು ನೋಡ್ರಿ, ನನ್ ಎದಿ ಅಲ್ಲೇ ಒಡೀತು’ ಎಂದ ಬಸು. ವಿಜಯನಗರಕ್ಕೆ ಮೆಟ್ರೋ ಹತ್ತಿ ವಾಪಸ್ ಬಂದೆವು.

ಅದರ ಮುಂದಿನ ಭಾನುವಾರ ನಾನು ಅಂಗಡಿಯಲ್ಲಿ ಕೂತು ಆಡುತ್ತಿದ್ದಾಗ ಪ್ರತೀಕ್ ಬಂದು ಗೋಡೆಗೆ ಹೊಸ ಹಾಳೆ ಅಂಟಿಸಿದ. ರೋಲರ್ ಡಿ ಸಾಲಿನಲ್ಲಿ ಇರಲಿಲ್ಲ. ಹುಡುಕಿದೆ. ಬಿ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿದ್ದ. ಪ್ರತೀಕ್ ಪಕ್ಕದಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದ, ಸಿಹಿ ಹಂಚಲು ಬಂದವನ ಹಾಗೆ.

ನನಗೆ ಸಿಟ್ಟು ಬಂತು. ಆ ಮಳೆಗಾಲದಲ್ಲಿ ಬಂದ ಸಿಟ್ಟಿನಲ್ಲೆಲ್ಲ ಅದೇ ದೊಡ್ಡದು.

‘ಇವನನ್ನ ಯಾಕೋ ಮೇಲೆ ಹತ್ತಿಸ್ದೆ?’

‘ಅಣ್ಣಾ... ನೀವು ಇಬ್ಬರನ್ನ ಹೊಡೆದ್ರಲ್ಲ. ರೆಸ್ಪೆಕ್ಟ್‌ಗೆ.’

‘ಹೊಡೆದಿದ್ದು ನಾನು. ಇವನು ಇಪ್ಪತ್ತನಾಲ್ಕೇ. ನೀನೇ ಎಣಿಸಿದ್ಯಲ್ಲ ನನ್ನ ಮುಂದೆ? ಮೊದಲು ಅಳೀದೆ ಕೆಳಗೆ ಹಾಕ್ದೆ, ಈಗ ಅಳೀದೆ ಮೇಲೆ ಹಾಕ್ತೀಯ. ಎರಡೂ ಒಂದೇ ಅಲ್ವೇನೋ?’

ಅವನ ಮುಖ ಸಪ್ಪಗಾಯಿತು. ಬೈಯುವುದು ನನ್ನ ಉದ್ದೇಶವಾಗಿರಲಿಲ್ಲ, ಆದರೆ ಬಿಡುವುದೂ ಸಾಧ್ಯವಿರಲಿಲ್ಲ. ‘ನಮ್ಮಲ್ಲಿ ಒಂದು ಪೀಸು ಆಚೆ ಹೋಗ್ಬೇಕಾದ್ರೆ ಅದಕ್ಕೊಂದು ಚೀಟಿ ಕಟ್ತಾರೆ. ಯಾವ ಮಿಷನ್ನು, ಯಾರು ಅಳೆದ್ರು, ಅಂತ. ಸೈನ್ ಇಲ್ಲದ ಚೀಟಿನ ಯಾವನೂ ಮುಟ್ಟಲ್ಲ. ಈ ಹಾಳೇಲಿ ಯಾರ ಸೈನ್ ಇದೆ? ನೀನು ಒಂದು ದಿನ ಆದ್ರೂ ರೋಲರ್‌ನ ಆಡಿದೀಯಾ?’

‘ಇಲ್ಲ.’

ನಾನು ಕೂತಿದ್ದೆ. ಆವತ್ತು ಬೆಳಿಗ್ಗೆಯಿಂದ ಯಾರಿಗೂ ಸೋತಿರಲಿಲ್ಲ. ಗೆದ್ದವನು ಏಳಬಾರದು. ನಾನು ಎದ್ದು ಕುರ್ಚಿ ಅವನ ಕಡೆ ತಳ್ಳಿದೆ. ‘ನಿಂತ್ಕೊಂಡು ಗೊತ್ತಾಗಲ್ಲ. ಕೂತ್ಕೋ.’

ಎರಡು ವಾರ ಅವನು ರೋಲರ್‌ನನ್ನು ಬಿಟ್ಟು ಬೇರೆ ಯಾರನ್ನೂ ಮುಟ್ಟಲಿಲ್ಲ. ಮೊದಲ ದಿನ ಎಲ್ಲರ ಕೈಯಲ್ಲೂ ಸೋತ. ಬಸು ಕೂಡ ಅವನನ್ನು ಎಬ್ಬಿಸಿ, ‘ಏಳಪ್ಪಾ ಡಾಕ್ಟರ್, ಮುಂದಿನ ಪೇಷಂಟ್ ಬರ್ಲಿ’ ಎಂದ. ಗೌರಿ ಹಬ್ಬದ ಹಿಂದಿನ ದಿನ ಪ್ರತೀಕ್ ಸ್ಕೇಲು ಹಿಡಿದು ಮೂರನೇ ಹಾಳೆ ಬರೆದ. ರೋಲರ್ ಮತ್ತೆ ಡಿ ಸಾಲಿಗೆ ಇಳಿದಿದ್ದ. ಕೆಳಗೆ ಆಟದ ಅಪ್‌ಡೇಟ್ ನಂಬರು, ಅದರ ಪಕ್ಕ ‘ಆಡಿ ಅಳೆದವರು’ ಎಂದು ಬರೆದು ಸೈನ್ ಹಾಕಿದ. ಮೂರ್ತಣ್ಣನ ಕಿವಿಯಿಂದ ಪೆನ್ನು ತೆಗೆದು ನನಗೆ ಕೊಟ್ಟ. ನಾನೂ ಹಾಕಿದೆ. ನನ್ನ ಕೈಯಾರೆ, ನನ್ನವನ ಹೆಸರಿದ್ದ ಕೊನೆಯ ಸಾಲಿನ ಕೆಳಗೆ. ಆ ಪೆನ್ನನ್ನು ಮೂರ್ತಣ್ಣ ಬನ್ನಿನ ಪೊಟ್ಟಣದ ದಾರದಲ್ಲಿ ಕಟ್ಟಿ ಹಾಳೆಯ ಪಕ್ಕ ನೇತುಹಾಕಿದರು. ಆಮೇಲೆ ನಾನು ಕೂತು ಆಟ ಶುರು ಮಾಡಿದೆ. ಯಾರನ್ನು ಆರಿಸಿದೆ ಎಂದು ಬೇರೆ ಹೇಳಬೇಕೆ?

ಈಗ ಆ ನೆಲಮಾಳಿಗೆಯಲ್ಲಿ ನೀರಿನ ಫಿಲ್ಟರ್ ಮಾರುತ್ತಾರೆ. ಪ್ರತೀಕ್ ಹಬ್ಬಕ್ಕೊಂದು ಮೆಸೇಜ್ ಹಾಕುತ್ತಾನೆ.

ಇನ್ನು ನಮ್ಮ ಶೆಡ್ಡಿನ ಚಾರ್ಟು. ಹೊಸದಾಗಿ ಬಂದ ಕ್ವಾಲಿಟಿ ಇಂಜಿನಿಯರು ಒಳ್ಳೆಯ ಹುಡುಗ, ಮಾತು ಮೆತ್ತಗೆ. ಎಲ್ಲರ ಸರ್ಟಿಫಿಕೇಟ್ ಫೈಲು ನೋಡಿ ವೃತ್ತ ತುಂಬಿದ್ದರು. ನನ್ನ ಫೈಲಿನಲ್ಲಿ ಎಂಟನೇ ಕ್ಲಾಸಿನ ಟಿಸಿ ಬಿಟ್ಟರೆ ಏನೂ ಇಲ್ಲ. ಕಾಲು ವೃತ್ತದವರಿಗೆ ಮುಂದಿನ ತಿಂಗಳಿನಿಂದ ಹೊಸ ಕಂಪ್ಯೂಟರ್ ಮಿಷನ್ ಕೊಡುವುದಿಲ್ಲವಂತೆ. ಆ ಮಿಷನ್ನಿನಲ್ಲಿ ನಾನು ಒಂದೂವರೆ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

ಎಲೆಕ್ಟ್ರಿಷಿಯನ್ ಹೋದ ಮೇಲೆ, ವಾಸನೆ ಇನ್ನೂ ಇರುವಾಗಲೇ, ನಾನು ಚಾರ್ಟಿನ ಹತ್ತಿರ ಹೋದೆ. ಕೆಳಗೆ ಖಾಲಿ ಜಾಗವಿತ್ತು. ‘ಅಳೆದವರು’ ಎಂದು ಬರೆದೆ. ಪಕ್ಕದಲ್ಲಿ ಮೊಳೆ ಹೊಡೆದು, ದಾರ ಕಟ್ಟಿ, ಒಂದು ಪೆನ್ನು ನೇತುಹಾಕಿದೆ. ಉಳಿದ ಹತ್ತು ಜನ ನೋಡಿ ತಂತಮ್ಮ ಮಿಷನ್ನಿಗೆ ಮರಳಿದರು. ಮೂರು ದಿನ ಪೆನ್ನು ಹಾಗೇ ತೂಗಿತು.

ನಿನ್ನೆ ಊಟದ ಹೊತ್ತು ಮುಗಿದ ಮೇಲೆ ಇಂಜಿನಿಯರು ಬಂದು ನನ್ನ ಮಿಷನ್ನಿನ ಪಕ್ಕ ಕೈಕಟ್ಟಿ ನಿಂತರು. ‘ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ ಲೋಕೇಶ್. ಆ ಪೆನ್ನು...’

ಟ್ರೇಯಲ್ಲಿದ್ದ ಪೀಸು ಒರೆಸಿ ಅವರ ಎಡಗೈಗೆ ಕೊಟ್ಟೆ, ಮೈಕ್ರೋಮೀಟರನ್ನು ಬಲಗೈಗೆ.

‘ಅಳೀರಿ ಸಾರ್. ಪೆನ್ನು ಎಲ್ಲೂ ಹೋಗಲ್ಲ.’